ಪಾಸಿಟಿವ್ ಫೀಡ್‌ಬ್ಯಾಕ್ ಅಂದ್ಮೇಲೆ ಬಿಸಿ ಏರ್ತಾನೇ ಹೋಗ್ಬೇಕಲ್ವಾ?

ಪ್ರಶ್ನೆ:
ಭೂಮಿ ಬಿಸಿಯಾದ್ರೆ ಮಣ್ಣಿಂದ, ಕರಗ್ತಿರೋ ಪರ್ಮಾಫ್ರಾಸ್ಟಿಂದ (ವರ್ಷಗಟ್ಟಲೆ ಹೆಪ್ಪುಗಟ್ಟೇ ಇರೋ ನೆಲ) ಇನ್ನಷ್ಟು ಸಿಒ2 ಹೊರಗೆ ಬರತ್ತೆ, ಅದರಿಂದ ಇನ್ನೂ ಬಿಸಿ, ಅದರಿಂದ ಇನ್ನೂ ಸಿಒ2, ಇದನ್ನೇ ಪಾಸಿಟಿವ್ ಫೀಡ್‌ಬ್ಯಾಕ್ ಅಂತಾರೆ ಅಂತ ಓದ್ತಾ ಇದೀನಿ. ಹಾಗಾದ್ರೆ ಇದು ನಿಲ್ಲೋದೆಲ್ಲಿ? ನಾವು ಹೊಗೆ ಬಿಡೋದು ಪೂರ್ತಿ ನಿಲ್ಲಿಸಿದ್ರೂ ತಾನಾಗೇ ಏರ್ತಾ ಹೋಗ್ಬೇಕಲ್ವಾ? ಇನ್ನೊಂದು ಕಡೆ, ಸಿಒ2 ಜಾಸ್ತಿ ಆದ್ರೆ ಗಿಡಮರ ಚೆನ್ನಾಗಿ ಬೆಳೆದು ಅವೇ ಎಳ್ಕೊಂಡ್ಬಿಡ್ತವೆ ಅಂತಾನೂ ಹೇಳ್ತಾರೆ. ಲೆಕ್ಕ ಸಮೇತ ಯಾರಾದ್ರೂ ಬಿಡಿಸಿ ಹೇಳ್ತೀರಾ, ಇದು ತಲೇಲಿ ಕೂತ್ಬಿಟ್ಟಿದೆ.

ಉತ್ತರ 1:
ಪಾಸಿಟಿವ್ ಫೀಡ್‌ಬ್ಯಾಕ್ ಇದ್ದ ಮಾತ್ರಕ್ಕೆ ಕೊನೆಯಿಲ್ದೆ ಏರಲ್ಲ. ಪ್ರತಿ ಸುತ್ತಲ್ಲಿ ಎಷ್ಟು ಸೇರ್ಕೊಳ್ಳತ್ತೆ ಅನ್ನೋದು ನೋಡ್ಬೇಕು. ಉದಾಹರಣೆಗೆ 1 ಡಿಗ್ರಿ ಏರಿದ್ದಕ್ಕೆ ಇನ್ನೊಂದು 0.1 ಡಿಗ್ರಿ ಸೇರ್ತು ಅನ್ಕೊಳ್ಳಿ, ಆ 0.1ರಿಂದ 0.01, ಅದರಿಂದ 0.001, ಎಲ್ಲಾ ಕೂಡಿದ್ರೆ 1.11ರ ಹತ್ರ ನಿಂತ್ಹೋಗತ್ತೆ.

ಈಗ ಪರ್ಮಾಫ್ರಾಸ್ಟ್‌ಗೆ ನಿಜವಾದ ನಂಬರ್ ಹಾಕೋಣ. ಉತ್ತರದ ಹೆಪ್ಪುಗಟ್ಟಿದ ನೆಲದಲ್ಲಿ ಸುಮಾರು 1,500 ಗಿಗಾಟನ್ (1 ಗಿಗಾಟನ್ ಅಂದ್ರೆ 100 ಕೋಟಿ ಟನ್) ಕಾರ್ಬನ್ ಇದೆ, ವಾತಾವರಣದಲ್ಲಿರೋದರ ಹತ್ತತ್ರ ಎರಡರಷ್ಟು. ಈ ನಂಬರ್ ನೋಡೇ ಜನ ಗಾಬರಿ ಆಗೋದು, ಆದ್ರೆ ಅದಷ್ಟೂ ಒಂದೇ ಸಲ ಬರಲ್ಲ. ಐಪಿಸಿಸಿ (ಹವಾಮಾನ ಬದಲಾವಣೆ ಬಗ್ಗೆ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿ) 2021ರ ವರದಿ ಪ್ರಕಾರ 2100ರೊಳಗೆ, ಏರೋ ಪ್ರತಿ 1 ಡಿಗ್ರಿಗೆ ಸುಮಾರು 18 ಗಿಗಾಟನ್ ಕಾರ್ಬನ್ ಸಿಒ2 ಆಗಿ ಹೊರಗೆ ಬರ್ಬೋದು (3ರಿಂದ 41ರವರೆಗೂ ಇರ್ಬೋದು ಅಂತಾರೆ). ಕಾರ್ಬನ್ ಟನ್ನನ್ನ ಸಿಒ2 ಟನ್ ಮಾಡೋಕೆ 3.67ರಿಂದ ಗುಣಿಸ್ಬೇಕು, ತುಂಬಾ ಜನ ಎಡವೋದು ಇಲ್ಲೇ. ಅಲ್ಲಿಗೆ 66 ಗಿಗಾಟನ್. 1,000 ಗಿಗಾಟನ್ ಸಿಒ2ಗೆ ಸುಮಾರು 0.45 ಡಿಗ್ರಿ ಏರತ್ತೆ, ಆ ಲೆಕ್ಕದಲ್ಲಿ 66ಕ್ಕೆ 0.03 ಡಿಗ್ರಿ. ಅಂದ್ರೆ 1 ಡಿಗ್ರಿಗೆ ಮತ್ತೆ ಸೇರೋದು 0.03 ಮಾತ್ರ, 1ಕ್ಕಿಂತ ತುಂಬಾ ಕಮ್ಮಿ, ಹಾಗಾಗಿ ಇದೊಂದರಿಂದಲೇ ಕೈಮೀರಿ ಓಡಲ್ಲ.

ಉತ್ತರ 2:
ಲೆಕ್ಕ ಸರಿ, ಆದ್ರೆ 0.03 ಅಂದಾಗ ಏನೂ ಇಲ್ಲ ಅನ್ನಿಸ್ಬಿಡತ್ತೆ, ಅದಕ್ಕೇ ಹೇಳ್ತಿದೀನಿ. ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಸುಡೋದರಿಂದ ವರ್ಷಕ್ಕೆ ಸುಮಾರು 37 ಗಿಗಾಟನ್ ಸಿಒ2 ಬರತ್ತೆ. 66 ಅಂದ್ರೆ ಇಡೀ ಪ್ರಪಂಚ ಹತ್ತತ್ರ ಎರಡು ವರ್ಷ ಸುಟ್ಟಷ್ಟು, ಅದೂ ಒಂದೇ ಡಿಗ್ರಿಗೆ. ತಾಪಮಾನ ಒಂದು ಮಿತಿ ದಾಟದ ಹಾಗೆ ನಾವು ಇನ್ನೆಷ್ಟು ಸಿಒ2 ಬಿಡ್ಬೋದು ಅನ್ನೋ ಬಜೆಟ್ಟಿಂದಲೇ ಅದನ್ನ ಕಳೀಬೇಕು.

ಆಮೇಲೆ ಮಿಥೇನ್ ಈ ಲೆಕ್ಕದಲ್ಲಿ ಬಂದೇ ಇಲ್ಲ. ಕೆಲವು ಕಡೆ ನೆಲದೊಳಗೆ ಮಣ್ಣಿಗಿಂತ ಐಸೇ ಜಾಸ್ತಿ, ಅದು ಕರಗಿದ್ರೆ ಮೇಲಿನ ನೆಲ ಕುಸಿದು, ಮರಗಳು ಒಂದೊಂದು ದಿಕ್ಕಿಗೆ ವಾಲಿ, ಆ ಗುಂಡೀಲಿ ನೀರು ನಿಂತು ಕೆರೆ ಆಗತ್ತೆ. ಕೆರೆ ತಳದ ಕೆಸರಲ್ಲಿ ಆಕ್ಸಿಜನ್ ಇರಲ್ಲ, ಅಲ್ಲಿನ ಸೂಕ್ಷ್ಮಜೀವಿಗಳು ಸಾವಿರಾರು ವರ್ಷ ಹಳೇ ಬೇರು, ಎಲೆ ತಿಂದು ಮಿಥೇನ್ ಬಿಡ್ತವೆ, ಗುಳ್ಳೆ ಗುಳ್ಳೆಯಾಗಿ ಮೇಲೆ ಬರತ್ತೆ. 20 ವರ್ಷದ ಲೆಕ್ಕದಲ್ಲಿ ಒಂದು ಟನ್ ಮಿಥೇನ್ ಒಂದು ಟನ್ ಸಿಒ2ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಮಾಡತ್ತೆ. ಹಿಂಗೆ ದಿಢೀರ್ ಕುಸಿಯೋದನ್ನ ಹೆಚ್ಚಿನ ಮಾಡೆಲ್‌ಗಳು ಸರಿಯಾಗಿ ಹಿಡಿಯಲ್ಲ, ನನಗೆ ನಿಜವಾಗ್ಲೂ ಭಯ ಆಗೋದು ಇದಕ್ಕೇ.

ಉತ್ತರ 3:
ಗಿಡಮರದ ವಿಷಯಕ್ಕೆ ಬರ್ತೀನಿ. ಸದ್ಯಕ್ಕೆ ಅವು ದೊಡ್ಡ ಉಪಕಾರಾನೇ ಮಾಡ್ತಿವೆ. ನಾವು ಬಿಡೋ ಸಿಒ2ನಲ್ಲಿ ಅರ್ಧದಷ್ಟು ಮಾತ್ರ ಗಾಳೀಲಿ ಉಳಿಯತ್ತೆ, ಮಿಕ್ಕಿದ್ದನ್ನ ಕಾಡು-ಮಣ್ಣು ಮತ್ತೆ ಸಮುದ್ರ ಹೀರ್ಕೊಳ್ತವೆ. ಆದ್ರೆ ಬರೀ ಸಿಒ2 ಇದ್ರೆ ಗಿಡ ಬೆಳೆಯಲ್ಲ, ನೀರು, ನೈಟ್ರೋಜನ್, ಫಾಸ್ಫರಸ್ ಎಲ್ಲಾ ಬೇಕು. ಬಿಸಿಲು ಜೋರಾಗಿ ನೆಲ ಒಣಗಿದ್ರೆ ಎಲೆ ನೀರು ಉಳಿಸ್ಕೊಳ್ಳೋಕೆ ತನ್ನ ರಂಧ್ರಗಳನ್ನ ಮುಚ್ಚತ್ತೆ, ಸಿಒ2 ಎಳ್ಕೊಳ್ಳೋದೂ ಅಲ್ಲಿಗೆ ಕಮ್ಮಿ ಆಯ್ತು. 2015-16ರ ಎಲ್ ನಿನೋ (ಪೆಸಿಫಿಕ್ ಸಮುದ್ರ ಮಾಮೂಲಿಗಿಂತ ಬಿಸಿಯಾಗಿ ಹವಾಮಾನ ಏರುಪೇರಾಗೋದು) ನೋಡಿ, ಹವಾಯಿಯ ಮೌನಾ ಲೋವಾ ಅಳತೆ ಕೇಂದ್ರದಲ್ಲಿ ಸಿಒ2 ಆ ಎರಡೂ ವರ್ಷ ಮಾಮೂಲಿಗಿಂತ ಜಾಸ್ತಿ, ಸುಮಾರು 3 ಪಿಪಿಎಂ (ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಎಷ್ಟು ಅನ್ನೋ ಅಳತೆ) ಏರ್ತು, ಆದ್ರೆ ಇಂಧನ ಸುಡೋದೇನೂ ಹಾಗೆ ಜಾಸ್ತಿ ಆಗಿರ್ಲಿಲ್ಲ, ಹೆಚ್ಚುಕಮ್ಮಿ ಅಷ್ಟೇ ಇತ್ತು. ಉಷ್ಣವಲಯದ ಕಾಡುಗಳು ಸೊರಗಿದ್ದೇ ಮುಖ್ಯ ಕಾರಣ. ಸಮುದ್ರನೂ ಅಷ್ಟೇ, ನೀರು ಬಿಸಿಯಾದಷ್ಟೂ ಅದರಲ್ಲಿ ಕರಗೋ ಸಿಒ2 ಕಮ್ಮಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಹಳೇ ಹಿಮದ ಪದರ ಕೊರೆದು ತೆಗೆದ ಐಸ್ ಕೋರ್‌ಗಳಲ್ಲಿ ಮೊದಲು ತಾಪಮಾನ ಏರಿ ಆಮೇಲೆ ಸಿಒ2 ಏರಿದೆಯಂತೆ, ಹಾಗಾಗಿ ಸಿಒ2 ಕಾರಣ ಅಲ್ಲ ಅಂತ ವಾದ ಮಾಡ್ತಾರಲ್ಲ?

ಉತ್ತರ 1:
ಅದೇ ಈ ಫೀಡ್‌ಬ್ಯಾಕ್‌ಗೆ ಸಾಕ್ಷಿ ಕಣ್ರೀ. ಹಿಮಯುಗ ಮುಗಿಯೋಕೆ ಭೂಮಿಯ ಕಕ್ಷೆ, ವಾಲಿಕೆ ಬದಲಾಗಿದ್ದು ಮೊದಲ ತಳ್ಳು, ಆ ಬಿಸಿಗೆ ಸಮುದ್ರದಿಂದ ಸಿಒ2 ಬಂತು, ಅದು ಬಿಸೀನ ಇನ್ನಷ್ಟು ಏರಿಸ್ತು. ಆಗ 180ರಿಂದ 280 ಪಿಪಿಎಂ ಆಗೋಕೆ ಸಾವಿರಾರು ವರ್ಷ ಹಿಡೀತು. ಈಗ ಮೊದಲ ತಳ್ಳು ನಮ್ದೇ, ಕೈಗಾರಿಕೆ ಬರೋಕೆ ಮುಂಚೆ 280 ಇದ್ದಿದ್ದು ಈಗ 420 ದಾಟಿದೆ.

ಇನ್ನು ನೀವು ಮೊದಲು ಕೇಳಿದ್ದು. ಸಿಒ2 ಬಿಡೋದು ಪೂರ್ತಿ ನಿಂತ್ರೆ ಸಮುದ್ರ ಅದನ್ನ ಹೀರ್ತಾನೇ ಇರತ್ತೆ, ಆದ್ರೆ ಸಮುದ್ರ ಇನ್ನೂ ಬಿಸಿ ಆಗ್ತಾ ಇರತ್ತಲ್ಲ, ಎರಡೂ ಹೆಚ್ಚುಕಮ್ಮಿ ಸರಿದೂಗಿ ತಾಪಮಾನ ದಶಕಗಟ್ಟಲೆ ಅಲ್ಲಲ್ಲೇ ಇರತ್ತೆ ಅಂತ ಮಾಡೆಲ್‌ಗಳು ತೋರಿಸ್ತವೆ. ತಾನಾಗೇ ಇಳಿಯೋದಂತೂ ಇಲ್ಲ, ಪರ್ಮಾಫ್ರಾಸ್ಟ್ ಸೇರಿಸಿದ್ರೆ ಇನ್ನೂ ಸ್ವಲ್ಪ ಮೇಲಕ್ಕೇ ವಾಲತ್ತೆ.