ಹೊಸದಾಗಿ ಕೂಡಿಸಿದ ಅಂಬಾಸಿಡರ್ ಎಂಜಿನ್: ಟ್ಯಾಪೆಟ್ ಬಿಗಿಯಾಗಿರಬೇಕೆ?

ಪ್ರಶ್ನೆ (ಬಾಗಲಕೋಟೆ, ನವನಗರ): ನಮಸ್ಕಾರ ಸರ್. ತಂದೆಯವರ 1489 ಸಿಸಿ ಪೆಟ್ರೋಲ್ ಅಂಬಾಸಿಡರಿನ ಎಂಜಿನ್ನಿಗೆ ಬೋರ್ ಮಾಡಿಸಿ, ವಾಲ್ವುಗಳನ್ನು ತೆರೆಯಿಸುವ ಹೊಸ ಕ್ಯಾಮ್‌ಶಾಫ್ಟ್ ಮತ್ತು ಟ್ಯಾಪೆಟ್ ಹಾಕಿಸಿ, ನಿನ್ನೆ ಗಾಡಿಯಲ್ಲಿ ಕೂಡಿಸಿದ್ದೇವೆ. ಇನ್ನೂ ಸ್ಟಾರ್ಟ್ ಮಾಡಿಲ್ಲ. ಸದ್ದು ಬಾರದಂತೆ ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಗ್ಯಾಪ್) ತುಸು ಬಿಗಿಯಾಗಿಯೇ ಇರಲಿ, ಸ್ಟಾರ್ಟ್ ಆದ ಮೇಲೆ ಅರ್ಧ ತಾಸು ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಡೋಣ ಎಂದು ಮಿಸ್ತ್ರಿಯವರು ಹೇಳುತ್ತಾರೆ. ಇದು ಸರಿಯೇ?

ಉತ್ತರ: ಎರಡೂ ಬೇಡ. ಎಕ್ಸಾಸ್ಟ್ ವಾಲ್ವ್ ತನ್ನ ಕಾವಿನ ಬಹುಪಾಲನ್ನು ಸೀಟಿಗೆ ಒತ್ತಿ ಕೂತಾಗಲೇ ಬಿಟ್ಟುಕೊಡುತ್ತದೆ; ಬಿಸಿಯಾಗಿ ಉದ್ದವಾದ ವಾಲ್ವಿಗೆ ಗ್ಯಾಪ್ ಉಳಿಯದಿದ್ದರೆ ಅದು ಪೂರ್ತಿ ಕೂರದೆ, ಸದ್ದಿಲ್ಲದೆ ಸುಟ್ಟುಹೋಗುತ್ತದೆ. ತಣ್ಣಗಿರುವ ಎಂಜಿನ್ನಿನಲ್ಲಿ 0.015 ಇಂಚು, ಅಂದರೆ ಸುಮಾರು 0.38 ಮಿ.ಮೀ. ಗ್ಯಾಪ್ ಇಡಿ. ನಿಮ್ಮೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಗಾಡಿಯನ್ನು ಮಧ್ಯಾಹ್ನ ತಣ್ಣಗಿದೆ ಎನ್ನಲಾಗದು. ಈ ಕೆಲಸ ಬೆಳಗಿನ ಹೊತ್ತಿಗೇ ಆಗಲಿ.

ಎಂಜಿನ್ನಿನ ಮೇಲಿನ ಹೆಡ್ಡಿನ ನಟ್ಟುಗಳನ್ನು ಟಾರ್ಕ್ ಮಾಡಿದ (ನಿಗದಿತ ಬಲಕ್ಕೆ ಬಿಗಿದ) ನಂತರವೇ ಟ್ಯಾಪೆಟ್ ಮುಟ್ಟಬೇಕು, ಏಕೆಂದರೆ ಹೆಡ್ ಕೆಳಗಿಳಿದಷ್ಟೂ ಗ್ಯಾಪ್ ಬದಲಾಗುತ್ತದೆ. ರೇಡಿಯೇಟರ್ ಕಡೆಯಿಂದ ವಾಲ್ವುಗಳನ್ನು 1ರಿಂದ 8ರವರೆಗೆ ಎಣಿಸಿ, ಪ್ಲಗ್ ಬಿಚ್ಚಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ: 8ನೆಯದು ಪೂರ್ತಿ ಒತ್ತಿದ್ದಾಗ 1ನೆಯದನ್ನು, 6ನೆಯದು ಒತ್ತಿದ್ದಾಗ 3ನೆಯದನ್ನು ಸೆಟ್ ಮಾಡಿ, ಕೂಡಿದರೆ ಯಾವಾಗಲೂ ಒಂಬತ್ತು ಬರಬೇಕು. ಫೀಲರ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಎಳೆದರೆ ಹಗುರವಾಗಿ ಹಿಡಿದಂತಿರಬೇಕು. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಕೂಡ ಕೂದಲೆಳೆಯಷ್ಟು ತಿರುಗಿಬಿಡುತ್ತದೆ, ಆದ್ದರಿಂದ ಬಿಗಿದ ಮೇಲೆ ಇನ್ನೊಮ್ಮೆ ಫೀಲರ್ ಹಾಕಿ ನೋಡಿ.

ಆಮೇಲೆ ಪ್ಲಗ್ಗಿಲ್ಲದೆ ತಡೆದು ತಡೆದು ಸೆಲ್ಫ್ ಹೊಡೆದು, ಆಯಿಲ್ ಪ್ರೆಶರ್ ಏರಿದ್ದನ್ನು ಕಣ್ಣಾರೆ ನೋಡಿ. 1ನೇ ಪಿಸ್ಟನ್ ಮೇಲಿದ್ದು ಅದರ ಎರಡೂ ವಾಲ್ವುಗಳಲ್ಲಿ ಗ್ಯಾಪ್ ಇದ್ದಾಗ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ರೋಟರ್ 1ನೇ ಪ್ಲಗ್ ವೈರಿನ ಕಡೆಗಿರಬೇಕು. 4ರ ಕಡೆಗಿದ್ದರೆ ಕಾರ್ಬುರೇಟರಿನಲ್ಲಿ ಢಂ ಎನ್ನುವುದು ಖಚಿತ. ಇಷ್ಟಾಗದೆ ಕೀಲಿ ತಿರುಗಿಸಿ ಸುಮ್ಮನೆ ಗಿರಗಿರ ಎನ್ನಿಸಿದರೆ ಹೊಸ ಕ್ಯಾಮಿಗೆ ಹಚ್ಚಿದ ಗ್ರೀಸೆಲ್ಲ ಒರೆಸಿಹೋಗುತ್ತದೆ.

ಸ್ಟಾರ್ಟ್ ಆದೊಡನೆ ಆರ್‌ಪಿಎಂ 1500ರಿಂದ 2000ದ ನಡುವೆ ಏರಿಳಿಸುತ್ತ ಇಪ್ಪತ್ತು ನಿಮಿಷ ಓಡಿಸಿ. ಕ್ಯಾಮ್ ಮತ್ತು ಟ್ಯಾಪೆಟ್ ಸೇರುವ ಜಾಗಕ್ಕೆ ಕ್ರ್ಯಾಂಕ್ ಎರಚುವ ಆಯಿಲ್ಲೇ ಆಧಾರವಾದ್ದರಿಂದ ಐಡಲ್‌ನಲ್ಲಿ ಅದು ಸಾಲದು. ನೀರಿನ ಕಾವು ಮಿತಿ ಮೀರಿದರೆ ಮಾತ್ರ ನಿಲ್ಲಿಸಿ. ತಣ್ಣಗಾದ ಮೇಲೆ ಹೆಡ್ಡನ್ನೂ ಟ್ಯಾಪೆಟ್ಟನ್ನೂ ಮತ್ತೆ ನೋಡಿ.

ಮರುದಿನದ ಪ್ರಶ್ನೆ: ಸರ್, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಆದರೆ ಮರುಸೆಟ್ಟಿಂಗ್ ಆದ ಮೇಲೂ 5ನೇ ವಾಲ್ವ್ ಮಾತ್ರ ಟಕಟಕ ಎನ್ನುತ್ತಿದೆ, ಫೀಲರ್ 0.015 ಸರಿಯಾಗಿಯೇ ಹಿಡಿಯುತ್ತದೆ.

ಉತ್ತರ: ರಾಕರ್ ಹಳೆಯದೇ ಇರಬೇಕು. ವಾಲ್ವಿನ ತುದಿ ಒತ್ತುವ ಜಾಗಕ್ಕೆ ಉಗುರು ಆಡಿಸಿದರೆ ಗುಳಿ ಸಿಗುತ್ತದೆ. ಅಗಲವಾದ ಫೀಲರ್ ಆ ಗುಳಿಯ ಅಂಚುಗಳ ಮೇಲೆ ಸೇತುವೆಯಂತೆ ಕೂರುವುದರಿಂದ ನಿಜವಾದ ಗ್ಯಾಪ್ ಅದಕ್ಕಿಂತ ಹೆಚ್ಚಿರುತ್ತದೆ. ಸ್ಕ್ರೂ ಅಂದಾಜಿಗೆ ತಿರುಗಿಸಬೇಡಿ, ರಾಕರ್ ಬದಲಿಸಿ ಮತ್ತೆ ಅಳೆಯಿರಿ.