ಮೋನೆಯ ಸೂರ್ಯ ನನ್ನ ಕೈಲಿ ಸ್ಟಿಕ್ಕರ್ ಬೊಟ್ಟಾಗ್ತಿದಾನೆ, ಯಾರಾದ್ರೂ ಸಹಾಯ ಮಾಡಿ

ಕುಂಚಕೋರ: ಮೂರು ಭಾನುವಾರ ಹಾಳಾಯ್ತು. ಫ್ರೆಂಚ್ ಚಿತ್ರಕಾರ ಮೋನೆಯ ‘ಇಂಪ್ರೆಷನ್, ಸನ್‌ರೈಸ್’ ಚಿತ್ರ ನಕಲು ಮಾಡ್ತಿದೀನಿ. ಮಂಜು ಬಂತು, ದೋಣಿ ಬಂತು, ಸೂರ್ಯ ಮಾತ್ರ ಹೊಳೀತಿಲ್ಲ. ಬಿಳಿ ಸೇರಿಸಿ ಸೇರಿಸಿ ಸಾಕಾಯ್ತು. ಏನು ತಪ್ಪು?

ಲಿನ್ಸೀಡ್: ಬಿಳಿ ಯಾವುದು? ಟೈಟಾನಿಯಂ ತಾನೇ? ಸುಣ್ಣ ಬಳಿದ ಹಾಗೆ ಎಲ್ಲ ಬಣ್ಣ ನುಂಗುತ್ತೆ ಅದು. ಜಿಂಕ್ ವೈಟ್ ಹಿಡೀರಿ.

ಕುಂಚಕೋರ: ಜಿಂಕ್ ತಂದೆ. ಅದೇ ಕಥೆ. ಒಣಗಿದ ಮೇಲೆ ಆಕಾಶ ಇನ್ನೂ ಮಂಕು.

ಲಿನ್ಸೀಡ್: ಹಾಗಾದ್ರೆ ಕೆಳಗಿನ ಪದರ ಮೇಲಿನ ಬಣ್ಣದ ಎಣ್ಣೆ ಹೀರ್ಕೊಂಡಿದೆ. ಒಂದು ವಾರ ಮುಟ್ಟಬೇಡಿ.

ಕುಂಚಕೋರ: ವಾರ ಯಾಕೆ ಸಾರ್? ಅರ್ಧ ಗಂಟೇಲಿ ಒಣಗುತ್ತಲ್ಲ. ಅಕ್ರಿಲಿಕ್ ಇದು, ನೀರಲ್ಲಿ ಕಲಸೋ ಬಣ್ಣ, ಎಣ್ಣೆ ಇಲ್ಲ.

ಮಳೆಬಿಲ್ಲು: ಅದನ್ನ ಮೊದಲೇ ಹೇಳಬಾರದಾ ಮಾರಾಯ್ರೇ! ಅಕ್ರಿಲಿಕ್ ಒಣಗಿದಾಗ ಸ್ವಲ್ಪ ಗಾಢ ಆಗೇ ಆಗುತ್ತೆ. ಅದಿರಲಿ, ಬಿಳಿ ಸಹವಾಸ ಬಿಡಿ. ಮೂಲಚಿತ್ರದ ಫೋಟೋನ ಮೊಬೈಲಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಸೂರ್ಯ ಹೆಚ್ಚುಕಡಿಮೆ ಮಾಯ! ಸುತ್ತಲ ಮೋಡದಷ್ಟೇ ತಿಳಿ ಅವನು. ಬೂದುನೀಲಿ ಮಧ್ಯೆ ಕಿತ್ತಳೆ ಕೂತಿದ್ದಕ್ಕೇ ಆ ಮಿಡಿತ. ಬಿಳಿ ಹಾಕಿದಷ್ಟೂ ಕಿತ್ತಳೆ ಸಾಯುತ್ತೆ. ಆಕಾಶ ಸರಿಮಾಡ್ಕೊಂಡು ಕ್ಯಾಡ್ಮಿಯಂ ಆರೆಂಜ್ ದಪ್ಪಗೆ ಇಡಿ, ಮತ್ತೆ ತೀಡಬೇಡಿ.

ಲಿನ್ಸೀಡ್: ಅಕ್ರಿಲಿಕ್‌ನಲ್ಲಿ ಮೋನೆ! ಇನ್‌ಸ್ಟಂಟ್ ಪುಡೀಲಿ ಫಿಲ್ಟರ್ ಕಾಫಿ ಅಂದ ಹಾಗಾಯ್ತು.

ಹಳೇಈಸೆಲ್: ಅದು ಸೂರ್ಯಾಸ್ತ ಅಂತ ಎಲ್ಲೋ ಓದಿದ್ದೆ.

ಮಳೆಬಿಲ್ಲು: 1872, ಫ್ರಾನ್ಸಿನ ಲೆ ಹಾವ್ರ್ ಬಂದರು. ಹೋಟೆಲ್ ಕಿಟಕಿಯಿಂದ ಆಗ್ನೇಯಕ್ಕೆ ನೋಡಿ ಬರೆದದ್ದು. ಆ ಕಡೆ ಸೂರ್ಯ ಮುಳುಗ್ತಾನಾ?

ಹಳೇಈಸೆಲ್: ಸರಿ ಬಿಡಿ. ಆದ್ರೂ ಕಿಟಕೀಲಿ ಕೂತು ಬರೆಯೋದು ಒಂದು ಕೆಲಸಾನಾ? ನಾನು ಕ್ಯಾನ್ವಾಸ್ ನಿಲ್ಲಿಸೋ ಫ್ರೆಂಚ್ ಈಸೆಲ್ ಸ್ಟ್ಯಾಂಡ್‌ಗೆ ಹಿತ್ತಾಳೆ ತಿರುಪು, ಮಲ್ಪೆ ಗಾಳಿಗೂ ಅಲ್ಲಾಡಲ್ಲ. ಒಂದು ಕ್ಯಾನ್ವಾಸಲ್ಲಿ ಮರಳು ಇನ್ನೂ ಅಂಟ್ಕೊಂಡಿದೆ.

ಮಳೆಬಿಲ್ಲು: ಮೋನೆದೂ ಅದೇ. 1870ರಲ್ಲಿ ಟ್ರೂವಿಲ್ ಕಡಲತೀರದಲ್ಲಿ ಬರೆದ ಚಿತ್ರ ಲಂಡನ್ ನ್ಯಾಷನಲ್ ಗ್ಯಾಲರೀಲಿದೆ, ಬಣ್ಣದೊಳಗೇ ಮರಳಿನ ಕಣ.

ಲಿನ್ಸೀಡ್: ಎಣ್ಣೆಬಣ್ಣದೊಳಗೆ. ಗಮನಿಸಿ.

ಕುಂಚಕೋರ: ಕಪ್ಪು-ಬಿಳುಪು ಮಾಡಿ ನೋಡಿದೆ. ಅವರ ಸೂರ್ಯ ಹುಡುಕಿದ್ರೂ ಸಿಗ್ತಿಲ್ಲ, ನನ್ನದು ಟಾರ್ಚ್ ಬಿಟ್ಟ ಹಾಗಿದೆ! ಸ್ಯಾಂಡ್‌ಪೇಪರ್ ಹಾಕಿ ಉಜ್ಜುತ್ತಾ ಇದೀನಿ. ನೀರಿನ ಮೇಲಿನ ಕಿತ್ತಳೆ ಗೀಟುಗಳಿಗೂ ಇದೇ ಲೆಕ್ಕಾನಾ?

ಹಳೇಈಸೆಲ್: ತಾಳಿ, ಈಸೆಲ್ ಫೋಟೋ ಹಾಕ್ತೀನಿ.