ಸಹಾಯ ಬೇಕು: ಮೊಣಕಾಲು ನೋವಿನ ಅಂಗವೈಕಲ್ಯ ಪಿಂಚಣಿ ತಿರಸ್ಕೃತ, ಮೊದಲ ಮೇಲ್ಮನವಿ

ಬೆಳಗಾವಿ ಕಡೆಯ ಮಾಜಿ ಸೈನಿಕರಿಗೆ ನಮಸ್ಕಾರ್ರಿ. ಗೋಕಾಕ ತಾಲೂಕಿನ ನಿವೃತ್ತ ಹವಾಲ್ದಾರರೊಬ್ಬರ ಪ್ರಕರಣ ಇದು. ಎರಡೂ ಮೊಣಕಾಲಿಗೆ ಆಸ್ಟಿಯೋಆರ್ಥ್ರೈಟಿಸ್ (ಕೀಲು ಸವೆತ). ಸೇವೆಯಿಂದ ಬಿಡುಗಡೆಯಾಗುವಾಗ ಪರೀಕ್ಷಿಸುವ ವೈದ್ಯಕೀಯ ಮಂಡಳಿ ಶೇ. 20 ವೈಕಲ್ಯ ಒಪ್ಪಿದೆ, ಆದರೆ 'ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ' ಎಂದು ಬರೆದಿದೆ. ಪಿಂಚಣಿ ನಿಂತಿದ್ದು ಈ ಒಂದು ಸಾಲಿಗೆ, ಶೇಕಡಾವಾರಿಗಲ್ಲ. 'ನೋವು ಜಾಸ್ತಿ ಆಗಿದೆ' ಎಂದಷ್ಟೇ ಬರೆದ ಮೇಲ್ಮನವಿ ಬಿದ್ದುಹೋಗೋದು ಅದಕ್ಕೇ.

ತಿರಸ್ಕಾರ ಪತ್ರ ಬಂದು ನಾಲ್ಕು ತಿಂಗಳಾಯ್ತು, ಮೊದಲ ಮೇಲ್ಮನವಿಗೆ ಇರೋದು ಆರೇ ತಿಂಗಳು. ಮಂಡಳಿಯ ವರದಿ, ಅಂದರೆ ಎಎಫ್‌ಎಂಎಸ್‌ಎಫ್-16 ನಮೂನೆಯ ಪ್ರತಿ ಕೈಯಲ್ಲಿದೆ. ಕಾರಣದ ಕಾಲಂನಲ್ಲಿ 'ವಯೋಸಹಜ' ಅನ್ನೋ ಒಂದೇ ಪದ, ವಿವರಣೆ ಇಲ್ಲ. ಭರ್ತಿ ಸಮಯದ ವೈದ್ಯಕೀಯ ದಾಖಲೆಗೆ 10 ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಲಾಗಿದೆ. ಅದರಲ್ಲಿ ಕೀಲಿನ ತೊಂದರೆ ನಮೂದಾಗಿರದಿದ್ದರೆ, ಸುಪ್ರೀಂ ಕೋರ್ಟಿನ 2013ರ ಧರಮ್‌ವೀರ್ ಸಿಂಗ್ ತೀರ್ಪಿನ ಪ್ರಕಾರ ಸೇವೆಗೆ ಸಂಬಂಧವಿಲ್ಲವೆಂದು ಸಾಬೀತು ಮಾಡುವ ಹೊಣೆ ಇಲಾಖೆಯದು.

ಈಗ ಬೇಕಾಗಿರೋದು: ಮೊಣಕಾಲಿನ ಕೇಸಿನಲ್ಲೇ ಮೇಲ್ಮನವಿ ಗೆದ್ದವರ ಕರಡು, ಹೆಸರು-ನಂಬರು ಅಳಿಸಿ ಕೊಟ್ಟರೆ ಸಾಕು. ಎತ್ತರದ ಪ್ರದೇಶದ ಪೋಸ್ಟಿಂಗ್, ಭಾರ ಹೊತ್ತ ಡ್ಯೂಟಿಗಳನ್ನು ವರ್ಷವಾರು ಹೇಗೆ ಜೋಡಿಸಿದಿರಿ? ಹೊರಗಿನ ಮೂಳೆತಜ್ಞರ ಅಭಿಪ್ರಾಯಕ್ಕೆ ಬೆಲೆ ಸಿಕ್ಕಿತೇ? ನಿಂತು ತೆಗೆಸಿದ ಎಕ್ಸ್‌ರೇಯನ್ನೇ ಲಗತ್ತಿಸುವ ವಿಚಾರವಿದೆ, ಮಲಗಿ ತೆಗೆಸಿದ್ದರಲ್ಲಿ ಕೀಲಿನ ಸಂದು ಸವೆದದ್ದು ಸರಿಯಾಗಿ ಕಾಣಲ್ಲ.

ಎರಡನೇ ಮೇಲ್ಮನವಿಯೂ ಬಿದ್ದರೆ ಕರ್ನಾಟಕದ ಕೇಸು ನೋಡುವ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠ. ಅಲ್ಲಿ ಇಂಥ ಕೇಸು ನಡೆಸಿದ ವಕೀಲರು ಗೊತ್ತಿದ್ದರೆ ಇನ್‌ಬಾಕ್ಸಿಗೆ ತಿಳಿಸಿರಿ. 'ಕಮಿಷನ್ ಕೊಡಿ, ಮಾಡಿಸಿಕೊಡ್ತೀವಿ' ಅನ್ನೋರು ದಯವಿಟ್ಟು ಬೇಡ.